ಹಲ್ಲಿಗೆ ಕ್ಲಿಪ್: ಮೊದಲ ಎಕ್ಸ್‌ರೇಯಿಂದ ರಿಟೇನರ್‌ವರೆಗೆ, ಹದಿಹರೆಯದವರಿಗೆ ಸಮಗ್ರ ಮಾರ್ಗದರ್ಶಿ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಮೂರನೇ ಸಲ ಕಿತ್ತು ಬಂತು, ಏನು ಮಾಡಲಿ? ಒಂದೂವರೆ ವರ್ಷ ಅಂದಿದ್ದರು, ಎರಡೂವರೆ ಆದರೂ ಮುಗಿದಿಲ್ಲ, ಯಾಕೆ? ಕ್ಲಿಪ್ ತೆಗೆಸಿ ವರ್ಷ ಆಯಿತು, ಮುಂದಿನ ಹಲ್ಲು ಮತ್ತೆ ವಾಲುತ್ತಿದೆ, ಈಗೇನು?

ಮೂರಕ್ಕೂ ಉತ್ತರ ಸಿಗಬೇಕಾದರೆ ಮೊದಲು ಒಂದು ವಿಷಯ ಗೊತ್ತಿರಬೇಕು. ತಂತಿ ಎಳೆದು ಹಲ್ಲನ್ನು ಸರಿಮಾಡುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ನಿಜವಾಗಿ ಕೆಲಸ ಮಾಡುವುದು ಮೂಳೆ. ಹಲ್ಲಿನ ಬೇರಿನ ಸುತ್ತ ತೆಳುವಾದ ನಾರಿನ ಪದರ ಇರುತ್ತದೆ. ಬೇರು ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಕಿತ್ತ ಹಲ್ಲಿನ ಜಾಗ ಮುಚ್ಚುವಾಗ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. ಜೋರಾಗಿ ಎಳೆದರೆ ಬೇಗ ಬರುವುದಿಲ್ಲ. ನೋವು ಜಾಸ್ತಿಯಾಗುತ್ತದೆ, ಬೇರು ಸವೆಯುವ ಅಪಾಯವೂ ಇದೆ. ಹಾಗಾಗಿ ಬ್ರಾಕೆಟ್ ಕಿತ್ತು ಮೂರು ವಾರ ಸುಮ್ನೆ ಕೂತರೆ ಆ ಮೂರು ವಾರವನ್ನು ಯಾವ ಡಾಕ್ಟರೂ ವಾಪಸ್ ತಂದುಕೊಡಲಾರರು.

ಕೆಳಗಿನ ಹಂತಗಳನ್ನು ಈ ಕ್ರಮದಲ್ಲೇ ಅನುಸರಿಸಿ. ಈಗಾಗಲೇ ಕ್ಲಿಪ್ ಹಾಕಿಸಿಕೊಂಡವರು ಸೀದಾ ಐದನೇ ಹಂತಕ್ಕೆ ಹೋಗಬಹುದು.

## ಹಂತ 1: ಯಾರ ಹತ್ತಿರ, ಯಾವಾಗ

ಬಿಡಿಎಸ್ ಮುಗಿಸಿದ ಎಲ್ಲರೂ ಹಲ್ಲಿನ ಡಾಕ್ಟರೇ. ಆದರೆ ಹಲ್ಲು ಸರಿಸುವ ಕೆಲಸಕ್ಕೆ ಆರ್ಥೊಡಾಂಟಿಕ್ಸ್‌ನಲ್ಲಿ ಮೂರು ವರ್ಷದ ಸ್ನಾತಕೋತ್ತರ ಪದವಿ, ಎಂಡಿಎಸ್, ಬೇರೆಯೇ ಇದೆ. ಅದನ್ನು ಮಾಡಿದವರೇ ಆರ್ಥೊಡಾಂಟಿಸ್ಟ್. ನಿಮ್ಮ ಬಡಾವಣೆಯ ಕ್ಲಿನಿಕ್‌ಗೆ ಆರ್ಥೊಡಾಂಟಿಸ್ಟ್ ವಾರಕ್ಕೊಮ್ಮೆ ಬಂದು ಹೋಗುವುದು ಸಾಮಾನ್ಯ. ಅದರಲ್ಲಿ ತಪ್ಪಿಲ್ಲ. ಆದರೆ "ಅವರು ಯಾವ ದಿನ ಇರುತ್ತಾರೆ, ನಡುವೆ ಏನಾದರೂ ಕಿತ್ತರೆ ಯಾರು ನೋಡುತ್ತಾರೆ" ಅಂತ ಮೊದಲೇ ಕೇಳಿಕೊಳ್ಳಿ.

ಖರ್ಚು ಕಡಿಮೆ ಆಗಬೇಕು ಅನ್ನುವವರಿಗೆ ಡೆಂಟಲ್ ಕಾಲೇಜುಗಳು ಒಳ್ಳೆಯ ದಾರಿ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಇದೆ. ಧಾರವಾಡ, ದಾವಣಗೆರೆ, ಮೈಸೂರು, ಮಣಿಪಾಲ, ಮಂಗಳೂರು, ಬೆಳಗಾವಿಯಲ್ಲೂ ಕಾಲೇಜುಗಳಿವೆ. ಪಿಜಿ ವಿದ್ಯಾರ್ಥಿಗಳು ಹಿರಿಯ ಪ್ರಾಧ್ಯಾಪಕರ ಕಣ್ಣೆದುರೇ ಕೆಲಸ ಮಾಡುತ್ತಾರೆ. ಕಾಯುವ ಹೊತ್ತು ಜಾಸ್ತಿ, ಅರ್ಧ ದಿನ ಹೋಗುತ್ತದೆ. ಒಂದು ಪ್ರಶ್ನೆ ಮಾತ್ರ ಮರೆಯದೆ ಕೇಳಿ: ನಿಮ್ಮನ್ನು ನೋಡುವ ಪಿಜಿ ಎಷ್ಟನೇ ವರ್ಷದಲ್ಲಿದ್ದಾರೆ? ಕೊನೆಯ ವರ್ಷದವರಾದರೆ ನಿಮ್ಮ ಚಿಕಿತ್ಸೆ ನಡುವೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಅದು ದೊಡ್ಡ ತೊಂದರೆಯಲ್ಲ, ಗೊತ್ತಿದ್ದರೆ ಸಾಕು.

ವಯಸ್ಸಿನ ವಿಷಯ. ಕೋರೆ ಹಲ್ಲು ಮತ್ತು ಎರಡನೇ ದವಡೆ ಹಲ್ಲು ಬರುವುದು ಸುಮಾರು 11ರಿಂದ 13ರ ನಡುವೆ. ಹಾಗಾಗಿ ಬಹಳಷ್ಟು ಮಕ್ಕಳಿಗೆ 12-14ರಲ್ಲಿ ಕ್ಲಿಪ್ ಹಾಕುತ್ತಾರೆ. ಆದರೆ ತೊಂದರೆ ಹಲ್ಲಿನದಲ್ಲ, ದವಡೆಯದು ಅಂತಾದರೆ ಅಷ್ಟು ಕಾಯುವಂತಿಲ್ಲ. ಕೆಳದವಡೆ ಹಿಂದೆ ಉಳಿದು ಮೇಲಿನ ಹಲ್ಲು ಉಬ್ಬಿದಂತೆ ಕಾಣುವ ಮಕ್ಕಳಿಗೆ ಬೆಳವಣಿಗೆಯ ಜೋರು ಇರುವಾಗಲೇ, ಅಂದರೆ ಹುಡುಗಿಯರಿಗೆ ಹೆಚ್ಚಾಗಿ 10-12, ಹುಡುಗರಿಗೆ 12-14ರ ಹೊತ್ತಿಗೆ, ಕೆಳದವಡೆಯನ್ನು ಮುಂದಕ್ಕೆ ತರುವ, ತೆಗೆದು ಹಾಕಬಹುದಾದ ಟ್ವಿನ್ ಬ್ಲಾಕ್ ಥರದ ಉಪಕರಣ ಕೊಡುತ್ತಾರೆ. ಆ ಗಾಡಿ ತಪ್ಪಿದರೆ ಮುಂದೆ ಹಲ್ಲು ಕೀಳಬೇಕಾಗಬಹುದು, ದವಡೆಯ ಆಪರೇಷನ್ ಮಾತೂ ಬರಬಹುದು. ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ 7ನೇ ವಯಸ್ಸಿಗೇ ಒಮ್ಮೆ ತೋರಿಸಿ ಅನ್ನುವುದು ಈ ಕಾರಣಕ್ಕೆ. ತೋರಿಸಿದ ತಕ್ಷಣ ಕ್ಲಿಪ್ ಹಾಕಿಬಿಡುತ್ತಾರೆ ಅಂತಲ್ಲ.

ಇನ್ನು ನಮ್ಮ ಮಕ್ಕಳ ಕ್ಯಾಲೆಂಡರ್. ಚಿಕಿತ್ಸೆ ಸಾಮಾನ್ಯವಾಗಿ 18ರಿಂದ 24 ತಿಂಗಳು. ಎಂಟು ಅಥವಾ ಒಂಬತ್ತನೇ ಕ್ಲಾಸಿನಲ್ಲಿ ಶುರುಮಾಡಿದರೆ ಪಿಯುಸಿ, ಹಾಸ್ಟೆಲ್ ಗಲಾಟೆ ಶುರುವಾಗುವ ಮೊದಲು ಮುಗಿಸಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ವಾರ ಹೊಸದಾಗಿ ಕ್ಲಿಪ್ ಹಾಕಿಸಿಕೊಂಡು ಹಲ್ಲುನೋವಿನಲ್ಲಿ ಓದುವುದು ಯಾರಿಗೂ ಬೇಡ.

## ಹಂತ 2: ಪ್ಲಾನ್ ಕೈಗೆ ಬರುವ ತನಕ ಹ್ಞೂಂ ಅನ್ನಬೇಡಿ

ಸರಿಯಾದ ಪ್ಲಾನ್‌ಗೆ ಕನಿಷ್ಠ ಇಷ್ಟು ಬೇಕು: ಎಲ್ಲ ಹಲ್ಲೂ ಒಟ್ಟಿಗೆ ಕಾಣುವ ಓಪಿಜಿ ಎಕ್ಸ್‌ರೇ, ಮುಖದ ಪಕ್ಕದಿಂದ ತೆಗೆಯುವ ಸೆಫಲೋಗ್ರಾಮ್, ಮುಖದ ಮತ್ತು ಬಾಯೊಳಗಿನ ಫೋಟೋಗಳು, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್. ಅಚ್ಚು ತೆಗೆಯುವಾಗ ವಾಂತಿ ಬಂದಂತಾಗುವುದು ಸಹಜ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಮೂಗಿನಿಂದ ನಿಧಾನವಾಗಿ ಉಸಿರಾಡಿ, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಬಾಯಿ ನೋಡಿದ ಐದೇ ನಿಮಿಷಕ್ಕೆ, ಎಕ್ಸ್‌ರೇ ಇಲ್ಲದೆ, "ಇವತ್ತೇ ಹಾಕಿಬಿಡೋಣ" ಅನ್ನುವ ಕಡೆಯಿಂದ ಎದ್ದು ಬನ್ನಿ.

ಪ್ಲಾನ್ ಹೇಳುವ ದಿನ ಅಪ್ಪ ಅಮ್ಮನ ಜೊತೆ ನೀವೂ ಕೂತು ಇವನ್ನು ಕೇಳಿ:

1. ನನ್ನ ತೊಂದರೆ ಹಲ್ಲಿನದೋ, ದವಡೆಯದೋ?
2. ಹಲ್ಲು ಕೀಳಬೇಕಾ? ಕೀಳದಿದ್ದರೆ ಏನಾಗುತ್ತದೆ?
3. ಹೇಳಿದ ಹಣದಲ್ಲಿ ಎಕ್ಸ್‌ರೇ, ಹಲ್ಲು ಕೀಳುವುದು, ರಿಟೇನರ್ (ಕ್ಲಿಪ್ ತೆಗೆದ ಮೇಲೆ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಉಪಕರಣ) ಸೇರಿದೆಯಾ?
4. ಬ್ರಾಕೆಟ್ ಕಿತ್ತರೆ ಪ್ರತಿಸಲ ಎಷ್ಟು ಕೊಡಬೇಕು?
5. ಊರು ಬಿಡಬೇಕಾದರೆ ಲೆಕ್ಕ ಹೇಗೆ ಮಾಡುತ್ತೀರಿ?

ಮೂರನೇ ಪ್ರಶ್ನೆಯನ್ನು ಕೇಳದೆ ಬಂದವರೇ ಹೆಚ್ಚು. ಕೊನೆಯಲ್ಲಿ ರಿಟೇನರ್‌ಗೆ ಬೇರೆ ದುಡ್ಡು ಅಂದಾಗ ಮನೆಯಲ್ಲಿ ಮುಖ ಸಿಂಡರಿಸುತ್ತಾರೆ, "ಅದು ಬೇಡ ಬಿಡು" ಅನ್ನುತ್ತಾರೆ. ಅಲ್ಲಿಗೆ ಎರಡು ವರ್ಷದ ಕೆಲಸ ನೀರುಪಾಲು.

ಹಲ್ಲು ಕೀಳುವ ಭಯ. ಹಲ್ಲುಗಳಿಗೆ ಜಾಗ ಸಾಲದಿದ್ದಾಗ ಅಥವಾ ಮುಂದಿನ ಹಲ್ಲನ್ನು ಹಿಂದಕ್ಕೆ ತರಬೇಕಾದಾಗ, ಕೋರೆ ಹಲ್ಲಿನ ಹಿಂದಿರುವ ಸಣ್ಣ ದವಡೆ ಹಲ್ಲನ್ನು ಕೀಳುತ್ತಾರೆ. ಎರಡಿರಬಹುದು, ನಾಲ್ಕಿರಬಹುದು. ಒಂದು ಹಲ್ಲು ಸುಮಾರು 7 ಮಿಲಿಮೀಟರ್ ಅಗಲ. ತಿಂಗಳಿಗೆ ಒಂದು ಮಿಲಿಮೀಟರ್ ಅಂದರೆ ಆ ಸಂದು ಮುಚ್ಚಲು ಅರ್ಧ ವರ್ಷಕ್ಕೂ ಜಾಸ್ತಿ ಬೇಕು, ಲೆಕ್ಕ ಹಾಕಿ. "ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂದ ಆಗುತ್ತದೆ" ಅಂತ ಅಜ್ಜಿ ಹೇಳಿಯೇ ಹೇಳುತ್ತಾರೆ. ಹಲ್ಲಿಗೂ ದೃಷ್ಟಿಗೂ ಸಂಬಂಧ ಇಲ್ಲ. ಆದರೂ ಮನಸ್ಸಿಗೆ ಸಮಾಧಾನ ಆಗದಿದ್ದರೆ ಅದೇ ಎಕ್ಸ್‌ರೇ ತೆಗೆದುಕೊಂಡು ಹೋಗಿ ಇನ್ನೊಬ್ಬ ಆರ್ಥೊಡಾಂಟಿಸ್ಟ್ ಅಭಿಪ್ರಾಯ ಕೇಳಿ. ಕಿತ್ತ ಹಲ್ಲನ್ನು ವಾಪಸ್ ಇಡಲಾಗುವುದಿಲ್ಲ, ಅಲ್ವಾ?

ಯಾವ ಥರದ ಕ್ಲಿಪ್. ಸ್ಟೀಲಿನದು ಅಗ್ಗ, ಗಟ್ಟಿ, ಕಷ್ಟದ ಕೇಸಿಗೂ ಆಗುತ್ತದೆ. ಸೆರಾಮಿಕ್ ಹಲ್ಲಿನ ಬಣ್ಣದ್ದು, ದುಬಾರಿ, ಸ್ವಲ್ಪ ಬೇಗ ಒಡೆಯುತ್ತದೆ. ಅಲೈನರ್ ಅಂದರೆ ಹಲ್ಲಿನ ಮೇಲೆ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಕವಚ. ಅದು ಅಷ್ಟಾಗಿ ಕಣ್ಣಿಗೆ ಕಾಣುವುದಿಲ್ಲ, ಊಟದ ಹೊತ್ತಿಗೆ ತೆಗೆದಿಡಬಹುದು, ಆದರೆ ದಿನಕ್ಕೆ 20-22 ಗಂಟೆ ಹಾಕಿಕೊಂಡಿರಲೇಬೇಕು. ನೀರಿನ ಬಾಟಲಿ, ಛತ್ರಿಯನ್ನೇ ಸ್ಕೂಲಿನಲ್ಲಿ ಬಿಟ್ಟುಬರುವವರಿಗೆ ನಾನಂತೂ ಅಲೈನರ್ ಹೇಳುವುದಿಲ್ಲ.

ಇಲ್ಲಿ ಎರಡು ಅಪಾಯ. ಒಂದು, ಡಾಕ್ಟರನ್ನು ಮುಖತಃ ನೋಡದೆ, ಮನೆಯಲ್ಲೇ ಅಚ್ಚು ತೆಗೆದು ಕಳಿಸಿ ಅಂಚೆಯಲ್ಲಿ ಅಲೈನರ್ ತರಿಸಿಕೊಳ್ಳುವುದು. ಎಕ್ಸ್‌ರೇ ಇಲ್ಲದೆ ಬೇರಿನ, ಮೂಳೆಯ ಸ್ಥಿತಿ ಗೊತ್ತಾಗುವುದೇ ಇಲ್ಲ. ಈ ಥರದ ವ್ಯಾಪಾರದಲ್ಲಿ ಅಮೆರಿಕದಲ್ಲಿ ದೊಡ್ಡ ಹೆಸರಾಗಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅರ್ಧ ಚಿಕಿತ್ಸೆಯಲ್ಲಿದ್ದವರು ನಡುನೀರಿನಲ್ಲಿ ಉಳಿದರು. ಎರಡು, ವಿಡಿಯೋ ನೋಡಿಕೊಂಡು ಮುಂದಿನ ಎರಡು ಹಲ್ಲಿಗೆ ರಬ್ಬರ್ ಬ್ಯಾಂಡ್ ಸುತ್ತಿ ಸಂದು ಮುಚ್ಚುವುದು. ಹಲ್ಲು ಬೇರಿನ ಕಡೆಗೆ ಹೋದಂತೆ ಸಪೂರ ಆಗುತ್ತದೆ. ರಬ್ಬರ್ ನಿಧಾನವಾಗಿ ಜಾರಿ ಒಸಡಿನೊಳಗೆ ಸೇರಿಕೊಳ್ಳುತ್ತದೆ, ಕಣ್ಣಿಗೆ ಕಾಣದೆ ಮೂಳೆಯನ್ನು ತಿನ್ನುತ್ತದೆ. ಹಾಗೆ ಎರಡೂ ಹಲ್ಲು ಕಳೆದುಕೊಂಡ ಮಕ್ಕಳಿದ್ದಾರೆ. ಇದನ್ನು ಯಾವ ಕಾರಣಕ್ಕೂ ಮಾಡಬೇಡಿ. ಈಗಾಗಲೇ ಹಾಕಿ ಅದು ಕಾಣೆಯಾಗಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ, ಬಿದ್ದುಹೋಗಿರಬೇಕು ಅಂತ ಊಹಿಸಬೇಡಿ.

## ಹಂತ 3: ಮೊದಲು ಬಾಯಿ ಸ್ವಚ್ಛ, ಆಮೇಲೆ ತಂತಿ

ಈ ಕ್ರಮ ತಪ್ಪಬಾರದು. ಮೊದಲು ಹಲ್ಲು ಕ್ಲೀನಿಂಗ್. ಆಮೇಲೆ ಹುಳುಕು ತುಂಬಿಸುವುದು. ಕೀಳುವುದಿದ್ದರೆ ಸಾಮಾನ್ಯವಾಗಿ ಆಮೇಲೆ ಅದು. ಹುಳುಕಿನ ಮೇಲೆ ಬ್ರಾಕೆಟ್ ಅಂಟಿಸಿದರೆ ಒಳಗೊಳಗೇ ಹಲ್ಲು ಹೋಗುತ್ತದೆ.

ದವಡೆ ಹಲ್ಲಿಗೆ ಲೋಹದ ಬಳೆ ಹಾಕುವುದಿದ್ದರೆ ಕೆಲವು ದಿನ ಮೊದಲೇ ಹಲ್ಲುಗಳ ನಡುವೆ ಸಣ್ಣ ರಬ್ಬರ್ ಉಂಗುರ ತೂರಿಸುತ್ತಾರೆ. ಅದಕ್ಕೆ ಸೆಪರೇಟರ್ ಅನ್ನುತ್ತಾರೆ. ಹಲ್ಲಿನ ಸಂದಿನಲ್ಲಿ ಮಾಂಸದ ನಾರು ಸಿಕ್ಕಿಹಾಕಿಕೊಂಡಂತೆ ಅನಿಸುತ್ತದೆ. ಕಡ್ಡಿ ಹಾಕಿ ಕೆದಕಬೇಡಿ. ಬಿದ್ದರೆ ಕ್ಲಿನಿಕ್‌ಗೆ ಫೋನ್ ಮಾಡಿ.

ಈ ವಾರದಲ್ಲೇ ಇವನ್ನು ಕೊಂಡಿಟ್ಟುಕೊಳ್ಳಿ:

- ನಡುವೆ ತಗ್ಗಾಗಿ ಕತ್ತರಿಸಿದ ಆರ್ಥೊ ಬ್ರಷ್
- ತಂತಿಯ ಕೆಳಗೆ ತೂರುವ ಇಂಟರ್‌ಡೆಂಟಲ್ ಬ್ರಷ್
- ಫ್ಲೋರೈಡ್ ಇರುವ ಪೇಸ್ಟ್
- ಚುಚ್ಚುವ ಬ್ರಾಕೆಟ್ ಮೇಲೆ ಒತ್ತುವ ಆರ್ಥೊ ಮೇಣ
- ಕಂಪಾಸ್ ಬಾಕ್ಸಿನಲ್ಲಿ ಹಿಡಿಸುವ ಸಣ್ಣ ಕನ್ನಡಿ
- ಕಿತ್ತ ಬ್ರಾಕೆಟ್ ಇಡಲು ಮುಚ್ಚಳದ ಪುಟ್ಟ ಡಬ್ಬಿ

ಪೇಸ್ಟಿನ ಡಬ್ಬಿಯ ಮೇಲೆ ಫ್ಲೋರೈಡ್ 1000ದಿಂದ 1500 ಪಿಪಿಎಂ ಅಂತ ಇದೆಯಾ ನೋಡಿ. ಎಷ್ಟೋ ಗಿಡಮೂಲಿಕೆ ಪೇಸ್ಟುಗಳಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಕ್ಲಿಪ್ ಇರುವಷ್ಟು ದಿನ ಅವು ಬೇಡ.

## ಹಂತ 4: ಕ್ಲಿಪ್ ಹಾಕುವ ದಿನ

ಸೂಜಿ ಇಲ್ಲ, ಕೊರೆಯುವುದಿಲ್ಲ. ಹೊಟ್ಟೆ ತುಂಬ ತಿಂದು, ಚೆನ್ನಾಗಿ ಬ್ರಷ್ ಮಾಡಿ ಹೋಗಿ. ಕೆನ್ನೆ ಹಿಗ್ಗಿಸಲು ಪ್ಲಾಸ್ಟಿಕ್ ಚೌಕಟ್ಟು ಇಡುತ್ತಾರೆ. ಹಲ್ಲಿಗೆ ನೀಲಿ ಜೆಲ್ ಹಚ್ಚಿ 15-30 ಸೆಕೆಂಡ್ ಬಿಡುತ್ತಾರೆ. ಅದು ಫಾಸ್ಫಾರಿಕ್ ಆಮ್ಲ, ನಾಲಿಗೆಗೆ ತಾಗಿದರೆ ಹುಳಿ ಹುಳಿ. ತೊಳೆದು ಗಾಳಿ ಊದಿದಾಗ ಆ ಜಾಗ ಸೀಮೆಸುಣ್ಣದ ಹಾಗೆ ಬಿಳುಚಿಕೊಂಡಿರುತ್ತದೆ. ಅಂಟು ಹಿಡಿಯುವುದು ಆ ಒಣಗಿದ ಮೇಲ್ಮೈಗೆ. ಒಂದು ಹನಿ ಎಂಜಲು ಬಿದ್ದರೂ ಬ್ರಾಕೆಟ್ ಮುಂದೆ ಬೇಗ ಕಿತ್ತುಬರುತ್ತದೆ. ಅದಕ್ಕೇ ಆ ಹೊತ್ತಿನಲ್ಲಿ ಮಾತಾಡಬೇಡಿ, ನಾಲಿಗೆ ಆಡಿಸಬೇಡಿ, ನುಂಗಬೇಕು ಅನಿಸಿದರೆ ಕೈ ಎತ್ತಿ ಹೇಳಿ. ಬ್ರಾಕೆಟ್ ಕೂರಿಸಿ ನೀಲಿ ಬೆಳಕು ಹಿಡಿದರೆ ಅಂಟು ಗಟ್ಟಿಯಾಗುತ್ತದೆ. ಕೊನೆಗೆ ತಂತಿ. ಮೊದಲ ತಂತಿ ನಿಕ್ಕಲ್-ಟೈಟಾನಿಯಂನದ್ದು, ಬಗ್ಗಿಸಿದರೂ ಮೊದಲಿನ ಆಕಾರಕ್ಕೇ ಬರಲು ನೋಡುತ್ತದೆ. ಸೊಟ್ಟ ಹಲ್ಲುಗಳನ್ನು ಮೆಲ್ಲಗೆ ಸಾಲಿಗೆ ತರುವುದು ಅದೇ. ನಿಕ್ಕಲ್ ಅಲರ್ಜಿ ಇದ್ದರೆ, ಅಂದರೆ ಕೃತಕ ಆಭರಣ, ವಾಚಿನ ಬಕಲ್‌ಗೆ ಚರ್ಮ ಕೆಂಪಾಗಿ ತುರಿಸುವವರಾದರೆ, ಮೊದಲೇ ಹೇಳಿ.

ಕುರ್ಚಿಯಿಂದ ಏಳುವ ಮೊದಲು ಒಂದು ಕೆಲಸ. ಹಿಂದಿನ ದವಡೆ ಹಲ್ಲಿನ ಹತ್ತಿರ ನಾಲಿಗೆ, ಬೆರಳು ಆಡಿಸಿ ನೋಡಿ. ತಂತಿಯ ತುದಿ ಚುಚ್ಚುತ್ತಿದ್ದರೆ ಅಲ್ಲೇ ಕತ್ತರಿಸಿಸಿಕೊಳ್ಳಿ. ಸಂಕೋಚ ಪಟ್ಟರೆ ಮನೆಗೆ ಹೋಗಿ ಕೆನ್ನೆ ಕುಯ್ಯಿಸಿಕೊಳ್ಳುತ್ತೀರಿ.

## ಹಂತ 5: ಮೊದಲ ವಾರ

ಕೆಲವು ಗಂಟೆ ಏನೂ ಅನಿಸುವುದಿಲ್ಲ. "ಇಷ್ಟೇನಾ" ಅಂದುಕೊಳ್ಳುತ್ತೀರಿ. ಆಮೇಲೆ ಶುರುವಾಗುತ್ತದೆ. ಮಾರನೇ ದಿನ ಜೋರು, ಮೂರನೇ ದಿನದಿಂದ ಇಳಿಮುಖ, ವಾರದೊಳಗೆ ಹೆಚ್ಚೂಕಡಿಮೆ ಹೋಗುತ್ತದೆ. ಮುಂದಿನ ಹಲ್ಲಿನಲ್ಲಿ ಕಚ್ಚಲು ಆಗುವುದಿಲ್ಲ, ಹಲ್ಲು ಸ್ವಲ್ಪ ಅಲ್ಲಾಡಿದಂತೆ ಅನಿಸುತ್ತದೆ. ಅದು ಮಾಮೂಲು. ತಡೆಯಲಾಗದಿದ್ದರೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಬೇರೆ ನೋವಿನ ಮಾತ್ರೆ ಕೇಳದೆ ನುಂಗಬೇಡಿ.

ಈ ದಿನಗಳಿಗೆ ಮೆತ್ತಗಿನ ಗಂಜಿ, ಇಡ್ಲಿ, ಉಪ್ಪಿಟ್ಟು, ಪೊಂಗಲ್, ಮೊಸರನ್ನ ಸಾಕು. ರಾಗಿ ಮುದ್ದೆ ಉಣ್ಣುವವರು ಪುಣ್ಯವಂತರು, ಅಗಿಯುವ ಕೆಲಸವೇ ಇಲ್ಲ, ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುವುದಷ್ಟೇ.

ಬ್ರಾಕೆಟ್ ತಾಗಿ ತುಟಿ, ಕೆನ್ನೆಯೊಳಗೆ ಹುಣ್ಣಾಗುತ್ತದೆ. ಇಲ್ಲಿ ಮೇಣವನ್ನು ತಪ್ಪಾಗಿ ಹಾಕುವವರೇ ಜಾಸ್ತಿ. ಒದ್ದೆ ಬ್ರಾಕೆಟ್ ಮೇಲೆ ಒತ್ತುತ್ತಾರೆ, ಹತ್ತು ನಿಮಿಷಕ್ಕೆ ಬಿದ್ದುಹೋಗುತ್ತದೆ. ಕ್ರಮ ಹೀಗೆ: ಕೈ ತೊಳೆಯಿರಿ. ಚುಚ್ಚುವ ಬ್ರಾಕೆಟ್ಟನ್ನು ಟಿಶ್ಯೂ ಅಥವಾ ಹತ್ತಿಯಿಂದ ಒರೆಸಿ ಒಣಗಿಸಿ. ಬಟಾಣಿಗಿಂತ ಚಿಕ್ಕ ಮೇಣದ ಉಂಡೆ ಮಾಡಿ, ಬೆರಳಲ್ಲಿ ತಿಕ್ಕಿ ಮೆತ್ತಗೆ ಮಾಡಿ. ಆಮೇಲೆ ಒತ್ತಿ. ಊಟಕ್ಕೆ ಮೊದಲು ತೆಗೆಯಿರಿ. ಅಕಸ್ಮಾತ್ ನುಂಗಿದರೂ ಹೆದರಬೇಡಿ. ದಿನಕ್ಕೆ ಎರಡು ಮೂರು ಸಲ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಲವಂಗದ ಎಣ್ಣೆ ಹುಣ್ಣಿಗೆ ಹಚ್ಚಬೇಡಿ, ಸುಟ್ಟಂತಾಗುತ್ತದೆ. ಒಂದೆರಡು ವಾರದಲ್ಲಿ ಬಾಯಿ ತಾನೇ ಹೊಂದಿಕೊಳ್ಳುತ್ತದೆ.

## ಹಂತ 6: ತಿನ್ನುವುದು

ಬ್ರಾಕೆಟ್ ಕೀಳುವುದಕ್ಕೆ ಮುಖ್ಯ ಕಾರಣ ಬಾಯಿಗೆ ಹಾಕುವುದು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಖಡಕ್ ರೊಟ್ಟಿ, ಹುರಿದ ಶೇಂಗಾ, ಚಿಕ್ಕಿ, ಕಾಯಿ ಸೀಬೆ, ಸುಟ್ಟ ಜೋಳದ ತೆನೆ, ಮಟನ್ ಮೂಳೆ, ಐಸ್ ತುಂಡು, ಚ್ಯೂಯಿಂಗ್ ಗಮ್, ಜಿಗಟು ಮಿಠಾಯಿ ಇವೆಲ್ಲ ಬೇಡ. ಪೆನ್ನಿನ ಮುಚ್ಚಳ ಕಚ್ಚುವ, ಉಗುರು ಕಡಿಯುವ ಅಭ್ಯಾಸವೂ ಇದೇ ಪಟ್ಟಿಗೆ ಸೇರುತ್ತದೆ.

ವರ್ಷದಲ್ಲಿ ಅತಿ ಅಪಾಯದ ದಿನ ಅಂದರೆ ಸಂಕ್ರಾಂತಿ. ಎಳ್ಳುಬೆಲ್ಲದಲ್ಲಿ ಒಣಕೊಬ್ಬರಿ ಚೂರು, ಹುರಿಗಡಲೆ, ಶೇಂಗಾ, ಬೆಲ್ಲದ ಅಚ್ಚು, ಎಲ್ಲವೂ ಗಟ್ಟಿ. ಜೊತೆಗೆ ಸಕ್ಕರೆ ಅಚ್ಚು, ಮೇಲೆ ಕಬ್ಬು. ಮನೆಮನೆಗೆ ಹೋಗಿ ಎಳ್ಳು ಬೀರುವಾಗ ಒಂದೊಂದು ಚಿಟಿಕೆ ಅಂತ ತಿಂದು ಬಂದರೆ ರಾತ್ರಿ ತಂತಿ ನೇತಾಡುತ್ತಿರುತ್ತದೆ. ಬೇಡ ಅನ್ನಲಾಗದಿದ್ದರೆ ಮಿಕ್ಸಿಯಲ್ಲಿ ಪುಡಿಮಾಡಿ ಚಮಚದಲ್ಲಿ ತಿನ್ನಿ. ಕಬ್ಬನ್ನು ಹಾಲಾಗಿ ಕುಡಿಯಿರಿ, ಕುಡಿದ ಮೇಲೆ ಬಾಯಿ ತೊಳೆಯಿರಿ.

ಉಳಿದದ್ದಕ್ಕೆ ನಿಯಮ ಸರಳ. ಮುಂದಿನ ಹಲ್ಲಿನಿಂದ ಕಚ್ಚಬೇಡಿ, ಕತ್ತರಿಸಿ ಹಿಂದಿನ ಹಲ್ಲಿನಲ್ಲಿ ಅಗಿಯಿರಿ. ಸೇಬು, ಕ್ಯಾರೆಟ್ ಬಿಡಬೇಕಿಲ್ಲ, ತೆಳ್ಳಗೆ ಹೆಚ್ಚಿದರೆ ಆಯಿತು. ಜೋಳದ ಬಿಸಿ ರೊಟ್ಟಿ ತೊಂದರೆಯಿಲ್ಲ. ಕೋರಿ ರೊಟ್ಟಿಯನ್ನು ಸಾರಿನಲ್ಲಿ ಪೂರ್ತಿ ನೆನೆಸಿ ತಿನ್ನಿ. ಮಾವಿನಹಣ್ಣನ್ನು ಓಟೆ ಚೀಪದೆ ಹೋಳು ಮಾಡಿಕೊಳ್ಳಿ.

ಅರಿಶಿನದ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ತಂತಿಯನ್ನು ಬ್ರಾಕೆಟ್ಟಿಗೆ ಹಿಡಿದಿಡುವ ಸಣ್ಣ ರಬ್ಬರ್ ಉಂಗುರ ಪಾರದರ್ಶಕವಾಗಿದ್ದರೆ ಎರಡು ದಿನದ ಸಾರು-ಹುಳಿಗೇ ಹಳದಿಯಾಗುತ್ತದೆ. ಬೂದು ಅಥವಾ ಗಾಢ ಬಣ್ಣ ಆರಿಸಿ. ಸೆರಾಮಿಕ್ ಹಾಕಿಸಿಕೊಂಡವರಿಗೆ ಇದರ ಬಿಸಿ ಜಾಸ್ತಿ ತಟ್ಟುತ್ತದೆ.

## ಹಂತ 7: ಬ್ರಷ್ ಮಾಡುವ ಕ್ರಮ

ಕ್ಲಿಪ್ ತೆಗೆದ ದಿನ ಹಲ್ಲು ಸಾಲಾಗಿವೆ, ಆದರೆ ಪ್ರತಿ ಹಲ್ಲಿನ ಮೇಲೂ ಬ್ರಾಕೆಟ್ ಇದ್ದ ಜಾಗದ ಸುತ್ತ ಬಿಳಿ ಕಲೆ. ಇದು ಕ್ಲಿಪ್ಪಿನಿಂದ ಆದದ್ದಲ್ಲ. ಬ್ರಾಕೆಟ್ ಸುತ್ತ ಕೂತ ಕೊಳೆಯಲ್ಲಿ ಬ್ಯಾಕ್ಟೀರಿಯಾ ಆಮ್ಲ ಬಿಟ್ಟು ಹಲ್ಲಿನ ಸುಣ್ಣ ಕರಗಿಸಿದ್ದರ ಗುರುತು. ಸರಿಯಾಗಿ ಉಜ್ಜದಿದ್ದರೆ ಒಂದು ತಿಂಗಳಲ್ಲೇ ಶುರುವಾಗಬಹುದು. ಪೂರ್ತಿ ಹೋಗುವುದು ಕಷ್ಟ.

1. ಮೊದಲು ನೀರಿನಲ್ಲಿ ಜೋರಾಗಿ ಮುಕ್ಕಳಿಸಿ, ಸಿಕ್ಕಿಕೊಂಡ ಅನ್ನದ ಅಗುಳು ಹೋಗಲಿ.
2. ಬ್ರಷ್ಷನ್ನು ಒಸಡಿನ ಕಡೆಗೆ ಓರೆಯಾಗಿ ಹಿಡಿದು ಒಸಡಿಗೂ ಬ್ರಾಕೆಟ್ಟಿಗೂ ನಡುವಿನ ಪಟ್ಟಿಯನ್ನು ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಿ. ಎಲ್ಲರೂ ಬಿಡುವ ಜಾಗ ಇದೇ.
3. ಬ್ರಷ್ ತಿರುಗಿಸಿ ಬ್ರಾಕೆಟ್ಟಿನ ಇನ್ನೊಂದು ಬದಿ, ಆಮೇಲೆ ಅದರ ಮುಖ.
4. ಒಳಬದಿ ಮತ್ತು ಅಗಿಯುವ ಬದಿ.
5. ಇಂಟರ್‌ಡೆಂಟಲ್ ಬ್ರಷ್ಷನ್ನು ತಂತಿಯ ಕೆಳಗೆ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ, ಪ್ರತಿ ಎರಡು ಬ್ರಾಕೆಟ್ ನಡುವೆ.
6. ಉಗುಳಿ. ನೀರು ಹಾಕಿ ತೊಳೆಯಬೇಡಿ, ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ.
7. ಕನ್ನಡಿಯಲ್ಲಿ ನೋಡಿ. ಬ್ರಾಕೆಟ್ಟಿನ ಅಂಚು ಮಿರಮಿರ ಹೊಳೆಯಬೇಕು. ಮಸುಕಾಗಿದ್ದರೆ ಅಲ್ಲಿ ಇನ್ನೂ ಕೊಳೆ ಇದೆ.

ಬೆಳಗ್ಗೆ, ರಾತ್ರಿ ಈ ಪೂರ್ತಿ ಕ್ರಮ, ಇದಕ್ಕೆ ಐದು ನಿಮಿಷ ಬೇಕೇ ಬೇಕು. ಮಧ್ಯಾಹ್ನ ಸ್ಕೂಲಿನಲ್ಲಿ ಆಗದಿದ್ದರೆ ಮುಕ್ಕಳಿಸಿದರೆ ಸಾಕು. ಒಸಡಿನಿಂದ ರಕ್ತ ಬಂದರೆ ಮಕ್ಕಳು ಆ ಜಾಗ ಉಜ್ಜುವುದನ್ನೇ ಬಿಡುತ್ತಾರೆ. ಮಾಡಬೇಕಾದದ್ದು ಅದರ ಉಲ್ಟಾ. ಮೆತ್ತಗಿನ ಬ್ರಷ್ಷಿನಿಂದ ಇನ್ನೂ ಚೆನ್ನಾಗಿ ಉಜ್ಜಿ. ಎರಡು ವಾರವಾದರೂ ನಿಲ್ಲದಿದ್ದರೆ, ಒಸಡು ಊದಿ ಬ್ರಾಕೆಟ್ಟಿನ ಮೇಲೆ ಬರುತ್ತಿದ್ದರೆ ತೋರಿಸಿ.

## ಹಂತ 8: ಭೇಟಿಗಳು ಮತ್ತು ರಬ್ಬರ್ ಬ್ಯಾಂಡ್

ನಾಲ್ಕರಿಂದ ಎಂಟು ವಾರಕ್ಕೊಮ್ಮೆ ಕರೆಯುತ್ತಾರೆ. ತಂತಿ ಬದಲಿಸುತ್ತಾರೆ, ಉಂಗುರ ಬದಲಿಸುತ್ತಾರೆ, ಹತ್ತಿಪ್ಪತ್ತು ನಿಮಿಷದ ಕೆಲಸ. ನೋವಿಲ್ಲ ಅಂತ ಭೇಟಿ ತಪ್ಪಿಸಬೇಡಿ. ನೋವಿಲ್ಲ ಅಂದರೆ ತಂತಿಯ ಕೆಲಸ ಮುಗಿದಿರಬಹುದು, ಹಲ್ಲು ಸುಮ್ನೆ ನಿಂತಿರಬಹುದು.

ಕೆಲವು ತಿಂಗಳ ನಂತರ, ಮೇಲಿನ ಕೆಳಗಿನ ಹಲ್ಲು ಸರಿಯಾಗಿ ಕೂಡಲು, ಮೇಲಿನ ಕೋರೆ ಹಲ್ಲಿನ ಬ್ರಾಕೆಟ್ಟಿನಿಂದ ಕೆಳಗಿನ ದವಡೆ ಹಲ್ಲಿಗೆ ಸಿಕ್ಕಿಸುವ ರಬ್ಬರ್ ಬ್ಯಾಂಡ್ ಕೊಡಬಹುದು. ಇದು ಪೂರ್ತಿ ನಿಮ್ಮ ಕೈಯಲ್ಲಿರುವ ಕೆಲಸ. ಡಾಕ್ಟರ್ ದಿನಪೂರ್ತಿ ಅಂದರೆ ದಿನಪೂರ್ತಿ. ಬ್ರಷ್‌ಗೆ, ಅವರು ಹೇಳಿದ್ದರೆ ಊಟಕ್ಕೆ ಮಾತ್ರ ತೆಗೆಯಿರಿ. ದಿನವೂ ಹೊಸದು ಹಾಕಿ, ಹಳೆಯದರ ಬಿಗಿ ಹೋಗಿರುತ್ತದೆ. ನಿನ್ನೆ ಹಾಕಿಲ್ಲ ಅಂತ ಇವತ್ತು ಎರಡೆರಡು ಹಾಕಬೇಡಿ. ಮೊದಲೇ ಹೇಳಿದ ಮಾತು, ಮೂಳೆ ಅವಸರಕ್ಕೆ ಬಗ್ಗುವುದಿಲ್ಲ. ಬೇರಿಗೆ ಪೆಟ್ಟು ಬೀಳುತ್ತದೆ. ಒಂದೇ ಕಡೆ ಹಾಕಿ ಇನ್ನೊಂದು ಕಡೆ ಮರೆತರೆ ಹಲ್ಲಿನ ಮಧ್ಯದ ಗೆರೆಯೇ ವಾರೆಯಾಗಬಹುದು.

ಕಬಡ್ಡಿ, ಹಾಕಿ, ಕ್ರಿಕೆಟ್ ಆಡುವವರು ಕ್ಲಿಪ್ ಮೇಲೆ ಹಾಕುವ ಮೌತ್‌ಗಾರ್ಡ್ ಕೇಳಿ ಪಡೆಯಿರಿ. ಹಲ್ಲು ಸರಿಯುತ್ತಿರುವುದರಿಂದ ಮಾಮೂಲಿ ಗಾರ್ಡ್ ಬೇಗ ಬಿಗಿಯಾಗುತ್ತದೆ.

## ಹಂತ 9: ಏನಾದರೂ ಕೆಟ್ಟಾಗ

ಬ್ರಾಕೆಟ್ ಸಡಿಲ. ಬೆರಳಲ್ಲಿ ಮುಟ್ಟಿದರೆ ಬ್ರಾಕೆಟ್ ತಂತಿಯ ಮೇಲೆ ಆಚೀಚೆ ಜಾರುತ್ತದೆ, ಗಿರಗಿರ ತಿರುಗುತ್ತದೆ. ಕೀಳಬೇಡಿ. ಮೇಣ ಹಾಕಿ, ಕ್ಲಿನಿಕ್‌ಗೆ ಫೋನ್ ಮಾಡಿ ಯಾವ ಹಲ್ಲು ಅಂತ ಹೇಳಿ. ಮುಂದಿನ ಭೇಟಿಯವರೆಗೆ ಕಾಯಬಹುದೋ ಇಲ್ಲವೋ ಅವರೇ ಹೇಳಲಿ. ಪೂರ್ತಿ ಕೈಗೆ ಬಂದರೆ ಡಬ್ಬಿಯಲ್ಲಿಟ್ಟು ತೆಗೆದುಕೊಂಡು ಹೋಗಿ. ಫೆವಿಕ್ವಿಕ್ ಹಾಕಿ ಅಂಟಿಸಿಕೊಂಡು ಬರುವವರೂ ಇದ್ದಾರೆ, ದಯವಿಟ್ಟು ಬೇಡ.

ತಂತಿ ಚುಚ್ಚುವುದು. ಪೆನ್ಸಿಲ್ ಹಿಂದಿನ ಸ್ವಚ್ಛವಾದ ರಬ್ಬರ್ ತುದಿಯಿಂದ ಮೆಲ್ಲಗೆ ಹಲ್ಲಿನ ಕಡೆ ಒತ್ತಿ ನೋಡಿ. ಆಗದಿದ್ದರೆ ಮೇಣ. ಉಗುರು ಕತ್ತರಿಯಿಂದ ಕತ್ತರಿಸಲು ಹೋಗಬೇಡಿ, ತುಂಡು ಗಂಟಲಿಗೆ ಹೋಗಬಹುದು.

ಬ್ರಾಕೆಟ್ ನುಂಗಿದರೆ. ಸಾಮಾನ್ಯವಾಗಿ ಮಲದಲ್ಲಿ ಹೋಗುತ್ತದೆ. ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಆದರೆ ಕೆಮ್ಮು ನಿಲ್ಲದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ, ಎದೆಯಲ್ಲೋ ಗಂಟಲಲ್ಲೋ ಸಿಕ್ಕಿದಂತಿದ್ದರೆ ಹಲ್ಲಿನ ಕ್ಲಿನಿಕ್‌ಗಲ್ಲ, ಸೀದಾ ಆಸ್ಪತ್ರೆಗೆ ಹೋಗಿ.

ತಡ ಮಾಡಬಾರದ ಲಕ್ಷಣಗಳು. ಮುಖ ಊದುವುದು, ಜ್ವರ, ಕೀವು. ಒಂದೇ ಹಲ್ಲು ಉಳಿದವಕ್ಕಿಂತ ತುಂಬ ಜಾಸ್ತಿ ಅಲ್ಲಾಡುವುದು ಅಥವಾ ಬಣ್ಣ ಕಪ್ಪಾಗುವುದು. ವಾರ ಕಳೆದರೂ ಇಳಿಯದ ನೋವು. ಪೆಟ್ಟು ಬಿದ್ದು ಹಲ್ಲು ಜಾಗ ಬಿಟ್ಟಿರುವುದು. ತುಟಿ, ಬಾಯಿ ತುರಿಸಿ ಊದಿಕೊಳ್ಳುವುದು.

ಎಂಆರ್‌ಐ ಮಾಡಿಸುವ ಸಂದರ್ಭ ಬಂದರೆ ಬಾಯಲ್ಲಿ ಕ್ಲಿಪ್ ಇದೆ ಅಂತ ಹೇಳಲು ಮರೆಯಬೇಡಿ.

## ಹಂತ 10: ನಡುವೆ ಊರು ಬದಲಾದರೆ

ಪಿಯುಸಿಗೆ ಮಂಗಳೂರು, ಇಂಜಿನಿಯರಿಂಗ್‌ಗೆ ಬೆಂಗಳೂರು ಅಂತ ಹೊರಟಾಗ ಕ್ಲಿಪ್ ಬಾಯಲ್ಲೇ ಇದ್ದು ಡಾಕ್ಟರ್ ಊರಲ್ಲೇ ಉಳಿಯುತ್ತಾರೆ. ಆರು ತಿಂಗಳು ಯಾರೂ ನೋಡದ ಕ್ಲಿಪ್, ಕ್ಲಿಪ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಹೊರಡುವ ಮೊದಲೇ ಮೊದಲ ಎಕ್ಸ್‌ರೇ, ಫೋಟೋ, ಪ್ಲಾನ್, ಈಗಿರುವ ತಂತಿಯ ವಿವರ, ಕೊಟ್ಟ ಹಣದ ಲೆಕ್ಕ ಬರೆಸಿಕೊಳ್ಳಿ. ಹೊಸ ಡಾಕ್ಟರ್ ಹೊಸದಾಗಿ ಫೀಸು ಕೇಳುವುದು ಸಹಜ, ಅದನ್ನು ಮನೆಯಲ್ಲಿ ಮೊದಲೇ ಹೇಳಿಡಿ. ರಜಕ್ಕೆ ಬಂದಾಗಲೇ ತೋರಿಸುತ್ತೇನೆ ಅನ್ನುವವರು ಅದಕ್ಕೆ ತಕ್ಕ ತಂತಿ ಹಾಕಲಾಗುತ್ತದಾ ಅಂತ ಕೇಳಿ.

## ಹಂತ 11: ತೆಗೆಸುವ ದಿನ, ಮತ್ತು ಅದಕ್ಕಿಂತ ಮುಖ್ಯವಾದ ರಿಟೇನರ್

ಇಕ್ಕಳದಿಂದ ಬ್ರಾಕೆಟ್ ಅಂಚು ಹಿಂಡಿದಾಗ ಟಕ್ ಅಂತ ಬರುತ್ತದೆ. ನೋವು ಕಡಿಮೆ, ಶಬ್ದ ಜಾಸ್ತಿ. ಉಳಿದ ಅಂಟನ್ನು ಉಜ್ಜಿ ತೆಗೆಯುತ್ತಾರೆ. ನಾಲಿಗೆಗೆ ಹಲ್ಲು ವಿಚಿತ್ರ ನುಣುಪು ಅನಿಸುತ್ತದೆ.

ತೆಗೆದ ಹೊತ್ತಿನಲ್ಲಿ ಬೇರಿನ ಸುತ್ತಲಿನ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹೊಸದಾಗಿ ನೆಟ್ಟ ಬೇಲಿ ಕಂಬದ ಬುಡದ ಮಣ್ಣು ಕೂತಿಲ್ಲದ ಹಾಗೆ. ಒಸಡಿನ ನಾರುಗಳಂತೂ ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ. ಹಾಗಾಗಿ ಅಚ್ಚು ತೆಗೆದ ಮೇಲೆ ರಿಟೇನರ್ ಯಾವತ್ತು ಕೈಗೆ ಬರುತ್ತದೆ ಅಂತ ಕೇಳಿ. ಅದೇ ದಿನ ಅಥವಾ ಒಂದೆರಡು ದಿನದಲ್ಲಿ ಬರಬೇಕು. ಮುಂದಿನ ವಾರ ನೋಡೋಣ ಅನ್ನುವ ಮಾತಿಗೆ ಒಪ್ಪಬೇಡಿ.

ಮೂರು ಥರ ಇವೆ. ಪಾರದರ್ಶಕ ಪ್ಲಾಸ್ಟಿಕ್ಕಿನದು, ತಂತಿ ಮತ್ತು ಅಕ್ರಿಲಿಕ್ಕಿನದು, ಹಲ್ಲಿನ ಹಿಂಬದಿಗೆ ಖಾಯಂ ಅಂಟಿಸುವ ತೆಳು ತಂತಿ. ತೆಗೆದು ಹಾಕುವಂಥದ್ದಾದರೆ ಮೊದಲ ಕೆಲವು ತಿಂಗಳು ಹೆಚ್ಚಾಗಿ ಹಗಲೂ ರಾತ್ರಿ, ಆಮೇಲೆ ರಾತ್ರಿ ಮಾತ್ರ. ಎಷ್ಟು ವರ್ಷ ಅಂತ ಕೇಳಿದರೆ ಪ್ರಾಮಾಣಿಕ ಉತ್ತರ: ಹಲ್ಲು ಸಾಲಾಗಿ ಇರಬೇಕು ಅನ್ನುವಷ್ಟು ವರ್ಷ.

ಹಾಳುಮಾಡುವ ದಾರಿಗಳು ಬೇಕಾದಷ್ಟಿವೆ. ಬಿಸಿನೀರಿನಲ್ಲಿ ತೊಳೆದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪೇಸ್ಟ್ ಹಾಕಿ ಉಜ್ಜಿದರೆ ಗೀರಾಗಿ ವಾಸನೆ ಹಿಡಿಯುತ್ತದೆ, ತಣ್ಣೀರು ಮತ್ತು ಮೆತ್ತಗಿನ ಬ್ರಷ್ ಸಾಕು. ಹೋಟೆಲಿನಲ್ಲಿ ಟಿಶ್ಯೂ ಪೇಪರಿನಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟರೆ ಮಾಣಿ ತಟ್ಟೆಯ ಜೊತೆಗೇ ಒಯ್ಯುತ್ತಾನೆ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ರಿಟೇನರ್ ಅಂದರೆ ಬಲು ಪ್ರೀತಿ. ಎರಡೇ ಜಾಗ ಅಂತ ಇಟ್ಟುಕೊಳ್ಳಿ: ಬಾಯಿ, ಇಲ್ಲವೇ ಡಬ್ಬಿ.

ಕೆಲವು ದಿನ ಹಾಕದೆ ಬಿಟ್ಟು ಮತ್ತೆ ಹಾಕಿದಾಗ ಬಿಗಿ ಅನಿಸಿದರೆ ಹಲ್ಲು ಸರಿದಿದೆ ಅಂತ ಅರ್ಥ. ಪೂರ್ತಿ ಕೂರುತ್ತಿದ್ದರೆ ಒಂದೆರಡು ವಾರ ಮತ್ತೆ ಹಗಲೂ ರಾತ್ರಿ ಹಾಕಿ, ಕ್ಲಿನಿಕ್‌ಗೂ ತಿಳಿಸಿ. ಕೂರದಿದ್ದರೆ ಒತ್ತಿ ತುರುಕಬೇಡಿ, ಆ ವಾರವೇ ತೋರಿಸಿ. ಖಾಯಂ ತಂತಿ ಒಂದು ಹಲ್ಲಿನಿಂದ ಬಿಟ್ಟಿದ್ದರೆ ನೋವೇ ಇರುವುದಿಲ್ಲ, ಆ ಹಲ್ಲು ಮಾತ್ರ ಮೆಲ್ಲಗೆ ಮುಂದೆ ಬರುತ್ತದೆ. ತಿಂಗಳಿಗೊಮ್ಮೆ ಬೆರಳ ಉಗುರಿನಿಂದ ಒಂದೊಂದೇ ಅಂಟು ತಟ್ಟಿ ನೋಡಿ. ಕಳೆದುಹೋದರೆ, ಅಮ್ಮ ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಹೊಸ ರಿಟೇನರ್‌ಗೆ ಆಗುವ ಖರ್ಚು, ಮತ್ತೆ ಕ್ಲಿಪ್ ಹಾಕಿಸುವ ಖರ್ಚಿನ ಮುಂದೆ ಏನೂ ಅಲ್ಲ. ಅವತ್ತೇ ಹೇಳಿ, ಮಾರನೇ ದಿನವೇ ಅಚ್ಚು ಕೊಟ್ಟು ಬನ್ನಿ.